ಅಡ್ಯಾರಿನ ಹನ್ನೆರಡು ಹಾಸಿಗೆಗಳು

ಹೊರರಾಜ್ಯದ ದೊಡ್ಡ ಊರುಗಳಲ್ಲಿ ಕೆಲಸಕ್ಕಿರುವ ನಮ್ಮಂಥವರಿಗೆ ಊರಿನಿಂದ ಮುಖ್ಯವಾಗಿ ಎರಡು ಬಗೆಯ ಫೋನು ಬರುತ್ತವೆ. ಒಂದು ಮದುವೆ, ಗೃಹಪ್ರವೇಶ, ಜಾತ್ರೆಯದು. ಇನ್ನೊಂದು ಆಸ್ಪತ್ರೆಯದು. ಮುಂಬೈಯಲ್ಲಿರುವವರನ್ನು ಪರೇಲಿನ ಟಾಟಾ ಆಸ್ಪತ್ರೆಯ ಬಗ್ಗೆ ಕೇಳುತ್ತಾರೆ, ಹೈದರಾಬಾದಿನವರನ್ನು ಎಂ.ಎನ್.ಜೆ. ಆಸ್ಪತ್ರೆಯ ಬಗ್ಗೆ, ಚೆನ್ನೈಯಲ್ಲಿರುವ ನಮ್ಮನ್ನು ಅಡ್ಯಾರಿನ ಬಗ್ಗೆ. ಫೋನಿನಲ್ಲಿ ಕ್ಯಾನ್ಸರ್ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಡ್ಡೆ, ಹುಣ್ಣು, ದೊಡ್ಡ ಕಾಯಿಲೆ ಎನ್ನುತ್ತಾರೆ. ಅಡ್ಯಾರಿಗೆ ಕರೆದುಕೊಂಡು ಬರಬೇಕಂತೆ ಎಂದರೆ ಸಾಕು, ಮಿಕ್ಕಿದ್ದು ಅರ್ಥವಾಗುತ್ತದೆ.

ಒಂದು ಬಡಾವಣೆಯ ಹೆಸರೇ ಒಂದು ರೋಗದ ಚಿಕಿತ್ಸೆಗೆ ಇನ್ನೊಂದು ಹೆಸರಾಗಿಬಿಟ್ಟಿರುವುದರ ಹಿಂದೆ ಒಬ್ಬ ಹೆಂಗಸಿನ ಮೂವತ್ತು ವರ್ಷಗಳ ಹಟವಿದೆ. ಅವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ತಮಿಳುನಾಡಿನಲ್ಲಿ ಬಡ ಗರ್ಭಿಣಿಯರಿಗೆ ಸರ್ಕಾರ ಕೊಡುವ ನೆರವಿನ ಯೋಜನೆ ಇರುವುದು ಅವರ ಹೆಸರಿನಲ್ಲೇ. 2019ರ ಜುಲೈ 30ರಂದು ಗೂಗಲ್ ತೆರೆದ ನಮ್ಮ ವೃತ್ತಿಯವರು ಅವರ ಚಿತ್ರವನ್ನು ನೋಡಿರಲೂಬಹುದು. ಅದು ಅವರ 133ನೆಯ ಹುಟ್ಟುಹಬ್ಬದ ಡೂಡಲ್. ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದವರು, ಶಾಸನಸಭೆಯಲ್ಲಿ ಕೂತ ಮೊದಲ ಮಹಿಳೆ ಎಂದು ಪಠ್ಯಪುಸ್ತಕಗಳು ಅವರನ್ನು ನೆನೆಯುತ್ತವೆ. ಆಸ್ಪತ್ರೆಯ ಕಥೆ ಕೊನೆಯ ಒಂದು ಸಾಲಿನಲ್ಲಿ ಮುಗಿಯುತ್ತದೆ. ನನಗೆ ಆ ಕೊನೆಯ ಸಾಲೇ ಮುಖ್ಯವೆನಿಸಿತು. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರಲ್ಲಿ, ಪುದುಕೋಟೆಯಲ್ಲಿ. ಇಂದು ಅದು ತಮಿಳುನಾಡಿನ ಒಂದು ಜಿಲ್ಲೆ. ಆಗ ನಮ್ಮ ಮೈಸೂರಿನಂತೆ ಅದೂ ಒಂದು ದೇಶೀ ಸಂಸ್ಥಾನ, ಆದರೆ ತೀರ ಸಣ್ಣದು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಅಂಥ ತಾಯಿಯ ಮಗಳಿಗೆ ಸಮಾಜ ಏನನ್ನು ಗೊತ್ತುಮಾಡಿಟ್ಟಿತ್ತೆಂದು ವಿವರಿಸಬೇಕಾಗಿಲ್ಲ. ತಪ್ಪಿದರೆ ಬೇಗ ಒಂದು ಮದುವೆ. ತಾಯಿಗೆ ಆ ಮದುವೆಯದೇ ಚಿಂತೆ. ತಂದೆಗೆ ಮಗಳ ಓದಿನ ಆಸೆ. ವಯಸ್ಸಿಗೆ ಬಂದ ಮೇಲೆ ಹುಡುಗಿ ಶಾಲೆಗೆ ಹೋಗುವಂತಿರಲಿಲ್ಲವಾದ್ದರಿಂದ ಮನೆಯಲ್ಲೇ ಪಾಠ ನಡೆಯಿತು, ಮನೆಯಲ್ಲಿ ಓದಿಯೇ ಮೆಟ್ರಿಕ್ಯುಲೇಷನ್ ಪಾಸಾಯಿತು.

ಮುಂದಿನ ಓದಿಗೆ ಊರಿನಲ್ಲಿದ್ದದ್ದು ಹುಡುಗರ ಕಾಲೇಜೊಂದೇ. ಹುಡುಗಿಯೊಬ್ಬಳು ಅಲ್ಲಿಗೆ ಅರ್ಜಿ ಹಾಕಿದ್ದೇ ದೊಡ್ಡ ಸುದ್ದಿಯಾಯಿತು. ಹುಡುಗರ ತಂದೆತಾಯಿಗಳು ಆಕ್ಷೇಪಿಸಿದರು. ಹೆಣ್ಣು ಎನ್ನುವುದರ ಜೊತೆಗೆ ತಾಯಿಯ ಮನೆತನವನ್ನೂ ಎತ್ತಿ ಆಡಿದರು. ಕಡೆಗೆ ದೊರೆ ಮಾರ್ತಾಂಡ ಭೈರವ ತೊಂಡೈಮಾನ್ ಅನುಮತಿ ಕೊಟ್ಟದ್ದರಿಂದ ಬಾಗಿಲು ತೆರೆಯಿತು. ಒಂದು ಮಾತು ಇಲ್ಲಿ ಗಮನಿಸಬೇಕು. ಆ ಹುಡುಗಿಯ ಯೋಗ್ಯತೆಯನ್ನು ಅಲ್ಲಿ ಯಾರೂ ಪ್ರಶ್ನಿಸಿರಲಿಲ್ಲ. ತಕರಾರು ಇದ್ದದ್ದು ಅವಳು ಎಲ್ಲಿ ಹುಟ್ಟಿದಳು ಎಂಬುದರ ಮೇಲೆ. ಯಾರಿಗೆ ಏನು ಸಿಗಬೇಕು ಎಂಬುದನ್ನು ಹುಟ್ಟಿದ ಜಾಗ ತೀರ್ಮಾನಿಸುವುದೆಂದರೆ ಹೇಗಿರುತ್ತದೆಂದು ಅವರಿಗೆ ಎಳೆಯ ವಯಸ್ಸಿನಲ್ಲೇ ಗೊತ್ತಾಯಿತು.

1907ರಲ್ಲಿ ಅವರು ಮದ್ರಾಸ್ ವೈದ್ಯಕೀಯ ಕಾಲೇಜು ಸೇರಿದರು. 1912ರಲ್ಲಿ ಪದಕಗಳೊಂದಿಗೆ ಪದವಿ ಪಡೆದು ಹೊರಬಂದರು. ಮದ್ರಾಸಿನ ಸರ್ಕಾರಿ ಹೆರಿಗೆ ಮತ್ತು ಕಣ್ಣಿನ ಆಸ್ಪತ್ರೆಯಲ್ಲಿ ಮೊದಲ ಮಹಿಳಾ ಹೌಸ್ ಸರ್ಜನ್ ಆದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು. ಸುಲಭಕ್ಕೆ ಒಪ್ಪಿದ ಮದುವೆಯಲ್ಲ ಅದು. ತನ್ನನ್ನು ಸಮಾನಳಾಗಿ ಕಾಣಬೇಕು, ತನ್ನ ಇಷ್ಟದ ಕೆಲಸಗಳಿಗೆ ಅಡ್ಡ ಬರಬಾರದು ಎಂಬ ಷರತ್ತನ್ನು ಮೊದಲೇ ಮುಂದಿಟ್ಟು, ಅದಕ್ಕೆ ಅವರು ಒಪ್ಪಿದ ಮೇಲೆ ಆದ ಮದುವೆ. ಇಬ್ಬರು ಗಂಡುಮಕ್ಕಳು ಹುಟ್ಟಿದರು, ರಾಮಮೋಹನ ಮತ್ತು ಕೃಷ್ಣಮೂರ್ತಿ. ಕಿರಿಯವನ ಹೆಸರು ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಮದ್ರಾಸಿನಲ್ಲಿ ವೈದ್ಯೆಯಾಗಿ ಅವರ ಹೆಸರು ಹರಡುತ್ತಿದ್ದ ಹೊತ್ತಿನಲ್ಲಿ ತಂಗಿ ಸುಂದರಾಂಬಾಳ್ ಕಾಯಿಲೆ ಬಿದ್ದರು. ಹೊಟ್ಟೆಯ ತೊಂದರೆ, ರಕ್ತ ಹೋಗುತ್ತಿತ್ತು. ಮೊದಲು ಆಮಶಂಕೆ ಎಂದುಕೊಂಡು ಚಿಕಿತ್ಸೆ ನಡೆಯಿತು. ಅದು ಗುದನಾಳದ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. 1923ರಲ್ಲಿ ತಂಗಿ ತೀರಿಕೊಂಡರು. ಅಕ್ಕ ವೈದ್ಯೆ, ಭಾವ ವೈದ್ಯ. ದಕ್ಷಿಣದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆ ಇದ್ದ ಊರು. ಅಂಥ ಮನೆಯಲ್ಲೇ ಹೀಗಾದರೆ ಹಳ್ಳಿಯಲ್ಲಿರುವವರ ಗತಿಯೇನು ಎಂಬ ಪ್ರಶ್ನೆ ಅವರನ್ನು ಮತ್ತೆ ಬಿಡಲಿಲ್ಲ.

ಈ ಸಾಲು ಓದಿದಾಗ ನನಗೆ ಪುಸ್ತಕ ಮುಚ್ಚಿಡಬೇಕೆನಿಸಿತು. ಹೊಸದುರ್ಗದ ಕಡೆ ತೆಂಗಿನ ತೋಟ ನೋಡಿಕೊಂಡಿದ್ದ ನನ್ನ ಸೋದರಮಾವನಿಗೂ ಹೀಗೇ ರಕ್ತ ಹೋಗುತ್ತಿತ್ತು. ಊರಿನ ಹತ್ತಿರದ ಒಬ್ಬ ವೈದ್ಯರು ಮೂಲವ್ಯಾಧಿ ಎಂದು ಎಂಟು ತಿಂಗಳು ಮುಲಾಮು, ಮಾತ್ರೆ ಕೊಟ್ಟರು. ಬೆರಳು ಹಾಕಿ ಪರೀಕ್ಷಿಸಿದ್ದರೆ ಎರಡು ನಿಮಿಷದಲ್ಲಿ ಅನುಮಾನ ಬರುತ್ತಿತ್ತೆಂದು ಚೆನ್ನೈಯಲ್ಲಿ ಕಂಡ ಶಸ್ತ್ರಚಿಕಿತ್ಸಕರು ಹೇಳಿದರು. ಅಷ್ಟರಲ್ಲಿ ಗಡ್ಡೆ ಯಕೃತ್ತಿಗೆ ಹರಡಿತ್ತು. ಮಾವ ನಮ್ಮ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು ಚಿಕಿತ್ಸೆ ತೆಗೆದುಕೊಂಡರು, ಹದಿನಾಲ್ಕು ತಿಂಗಳು ಬದುಕಿದರು. 1923ಕ್ಕೂ ನಮ್ಮ ಕಾಲಕ್ಕೂ ನಡುವೆ ಸ್ಕ್ಯಾನ್ ಬಂದಿದೆ, ಕೀಮೋ ಬಂದಿದೆ, ರೋಬೋ ಶಸ್ತ್ರಚಿಕಿತ್ಸೆಯೂ ಬಂದಿದೆ. ಆದರೆ ರೋಗಿ ಮತ್ತು ಮೊದಲ ವೈದ್ಯನ ನಡುವೆ ಕಳೆದುಹೋಗುವ ಆ ಎಂಟು ತಿಂಗಳು ಹಾಗೆಯೇ ಉಳಿದಿವೆ. ಮುತ್ತುಲಕ್ಷ್ಮಿಯವರ ಬದುಕನ್ನು ನಾನು ಕುತೂಹಲದಿಂದ ಓದತೊಡಗಿದ್ದು ಅಲ್ಲಿಂದ.

ತಂಗಿ ಹೋದ ಎರಡು ವರ್ಷಕ್ಕೆ, 1925ರಲ್ಲಿ, ಮುತ್ತುಲಕ್ಷ್ಮಿ ಸರ್ಕಾರದ ನೆರವಿನಿಂದ ಲಂಡನ್ನಿಗೆ ಹೋದರು. ಹೆಂಗಸರ ಮತ್ತು ಮಕ್ಕಳ ಆರೋಗ್ಯದ ಹೆಚ್ಚಿನ ಅಧ್ಯಯನ ಅವರ ಉದ್ದೇಶವಾಗಿತ್ತು. ಚೆಲ್ಸಿಯ ಮಹಿಳಾ ಆಸ್ಪತ್ರೆಯಲ್ಲಿ ಕಲಿತರು. ಕ್ಯಾನ್ಸರಿಗೆಂದೇ ಮೀಸಲಾದ ಆಸ್ಪತ್ರೆ ಹೇಗಿರುತ್ತದೆ ಎಂಬುದನ್ನು ಅವರು ಕಂಡದ್ದು ಆ ಊರಿನಲ್ಲೇ. ಒಂದೇ ಸೂರಿನ ಕೆಳಗೆ ಶಸ್ತ್ರಚಿಕಿತ್ಸೆ, ವಿಕಿರಣ, ಪ್ರಯೋಗಾಲಯ, ಸಂಶೋಧನೆ. ಬಂದ ಪ್ರತಿ ರೋಗಿಯ ದಾಖಲೆ, ಆಮೇಲೆ ವರ್ಷಗಟ್ಟಲೆ ವಿಚಾರಣೆ. ಮದ್ರಾಸಿನಲ್ಲೂ ಇಂಥದ್ದೊಂದು ಬೇಕು ಎಂಬ ನಿಶ್ಚಯದೊಂದಿಗೆ ಅವರು ಹಿಂತಿರುಗಿದರು.

ಆದರೆ ಊರಿನಲ್ಲಿ ಬೇರೆ ಕೆಲಸಗಳು ಕಾದಿದ್ದವು. 1927ರಲ್ಲಿ ಅವರನ್ನು ಮದ್ರಾಸ್ ಶಾಸನಸಭೆಗೆ ನಾಮಕರಣ ಮಾಡಿದರು. ಸಭೆ ಅವರನ್ನು ಉಪಾಧ್ಯಕ್ಷರನ್ನಾಗಿ ಆರಿಸಿತು. ಅಲ್ಲಿ ಕೂತ ಮೂರು ವರ್ಷಗಳಲ್ಲಿ ಮಾಡಿದ ಕೆಲಸವನ್ನು ನೋಡಿದರೆ ದಂಗುಬಡಿಯುತ್ತದೆ. ಬಾಲ್ಯವಿವಾಹದ ವಿರುದ್ಧ ದನಿ ಎತ್ತಿದರು. ಹೆಣ್ಣುಮಕ್ಕಳ ಮಾರಾಟ, ವೇಶ್ಯಾಗೃಹಗಳನ್ನು ತಡೆಯುವ ಕಾನೂನಿಗೆ ಬೆನ್ನೆಲುಬಾದರು. ಬ್ರಿಟಿಷರು ನೇಮಿಸಿದ ಹಾರ್ಟಾಗ್ ಶಿಕ್ಷಣ ಸಮಿತಿಯಲ್ಲಿ ಸದಸ್ಯರಾದರು. ಎಲ್ಲಕ್ಕಿಂತ ಮಿಗಿಲಾಗಿ ದೇವದಾಸಿ ಪದ್ಧತಿಯನ್ನು ಎದುರಿಸಿದರು.

ಈ ವಿಷಯದಲ್ಲಿ ನಮ್ಮ ಮೈಸೂರು ಸಂಸ್ಥಾನ ಮುಂದಿತ್ತು. 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ಸರ್ಕಾರ ನಿಲ್ಲಿಸಿತ್ತು. ಮದ್ರಾಸಿನಲ್ಲಿ ಅಷ್ಟು ಸುಲಭವಾಗಲಿಲ್ಲ. ಧರ್ಮ, ಕಲೆ, ಸಂಪ್ರದಾಯ ಎಂಬ ಹೆಸರಿನಲ್ಲಿ ದೊಡ್ಡ ದೊಡ್ಡವರೇ ಅಡ್ಡ ನಿಂತರು. ದೇವದಾಸಿಯರಲ್ಲೂ ಒಂದು ಗುಂಪು ವಿರೋಧಿಸಿತು. ತಮ್ಮ ಜೀವನಾಧಾರವನ್ನೂ ಸಂಗೀತ ನೃತ್ಯಗಳನ್ನೂ ಕಿತ್ತುಕೊಂಡಂತಾಗುತ್ತದೆ ಎಂಬುದು ಅವರ ಅಳಲು. ಆ ಅಳಲು ಪೂರ್ತಿ ಸುಳ್ಳಾಗಿರಲಿಲ್ಲ. ಅದಕ್ಕೇ ಮುತ್ತುಲಕ್ಷ್ಮಿ ಮೊದಲು ಇನಾಮು ಭೂಮಿಯ ಗಂಟು ಬಿಚ್ಚಿದರು. 1929ರ ತಿದ್ದುಪಡಿಯಿಂದ ದೇವಸ್ಥಾನದ ಸೇವೆ ಮಾಡದೆಯೂ ಆ ಹೆಂಗಸರು ಭೂಮಿಯನ್ನು ಉಳಿಸಿಕೊಳ್ಳುವಂತಾಯಿತು. ಹುಡುಗಿಯರನ್ನು ದೇವರಿಗೆ ಬಿಡುವುದನ್ನೇ ನಿಷೇಧಿಸುವ ಮಸೂದೆ ಕಾನೂನಾಗಲು 1947ರ ತನಕ ಕಾಯಬೇಕಾಯಿತು. ಕರ್ನಾಟಕದಲ್ಲಿ ಹುಡುಗಿಯರನ್ನು ಮುತ್ತು ಕಟ್ಟಿಸಿ ಬಿಡುವುದನ್ನು ತಡೆಯಲು 1982ರಲ್ಲಿ ಮತ್ತೊಂದು ಕಾನೂನು ಬೇಕಾಯಿತೆಂಬುದನ್ನು ನೆನೆದರೆ, ಈ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯುತ್ತದೆ.

1930ರಲ್ಲಿ ಗಾಂಧೀಜಿಯ ಬಂಧನವನ್ನು ಪ್ರತಿಭಟಿಸಿ ಅವರು ಶಾಸನಸಭೆಗೆ ರಾಜೀನಾಮೆ ಕೊಟ್ಟರು. ಅದೇ ಕಾಲದಲ್ಲಿ, ದೇವದಾಸಿ ಮನೆಗಳಿಂದ ತಪ್ಪಿಸಿಕೊಂಡು ಬಂದ ಕೆಲವು ಹುಡುಗಿಯರಿಗೆ ಮದ್ರಾಸಿನ ವಿದ್ಯಾರ್ಥಿನಿಲಯಗಳು ಜಾಗ ಕೊಡಲಿಲ್ಲ. ಹುಡುಗಿಯರು ಮುತ್ತುಲಕ್ಷ್ಮಿಯವರ ಮನೆಯ ಬಾಗಿಲು ತಟ್ಟಿದರು. ಅವರನ್ನು ಮನೆಯಲ್ಲೇ ಇರಿಸಿಕೊಂಡರು. ಅವ್ವೈ ಇಲ್ಲಂ ಎಂಬ ಆಶ್ರಯಧಾಮ ಹುಟ್ಟಿದ್ದು ಹೀಗೆ. ಮೊದಲು ವರದಿ, ಆಮೇಲೆ ಸಮಿತಿ, ಆಮೇಲೆ ಕಟ್ಟಡ ಎಂಬ ಕ್ರಮವನ್ನು ಅವರು ಅನುಸರಿಸಿದವರಲ್ಲ. ಬಾಗಿಲಿಗೆ ಬಂದವರನ್ನು ಒಳಗೆ ಕರೆದು, ಜಾಗ ಸಾಲದಾದಾಗ ಕಟ್ಟಡದ ಯೋಚನೆ ಮಾಡಿದರು.

ಕ್ಯಾನ್ಸರ್ ಆಸ್ಪತ್ರೆಯ ಮಾತನ್ನು ಅವರು ಸಾರ್ವಜನಿಕವಾಗಿ ಎತ್ತಿದ್ದು 1935ರಲ್ಲಿ, ತಾವು ಓದಿದ ವೈದ್ಯಕೀಯ ಕಾಲೇಜಿನ ಶತಮಾನೋತ್ಸವದ ಸಂದರ್ಭದಲ್ಲಿ. ಆಗ ಮದ್ರಾಸಿನಲ್ಲಿ ಏನೂ ಇರಲಿಲ್ಲವೆಂದಲ್ಲ. ಜನರಲ್ ಆಸ್ಪತ್ರೆಯ ಆವರಣದಲ್ಲಿ 1934ರಲ್ಲಿ ಬರ್ನಾರ್ಡ್ ರೇಡಿಯಾಲಜಿ ಸಂಸ್ಥೆ ಆರಂಭವಾಗಿತ್ತು. ಆದರೆ ಕ್ಯಾನ್ಸರಿಗೆಂದೇ ಇರುವ ಆಸ್ಪತ್ರೆ ದಕ್ಷಿಣ ಭಾರತದಲ್ಲಿ ಎಲ್ಲೂ ಇರಲಿಲ್ಲ. ದೇಶದಲ್ಲಿ ಅಂಥ ದೊಡ್ಡ ಆಸ್ಪತ್ರೆ ಟಾಟಾದವರದು ತೆರೆದದ್ದು 1941ರಲ್ಲಿ. ಅದರ ಹಿಂದೆಯೂ ಒಂದು ಸಾವಿತ್ತು. ದೊರಾಬ್ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಟಾಟಾ ಕುಟುಂಬದ ಹಿಂದೆ ಟ್ರಸ್ಟಿನ ಹಣವಿತ್ತು. ಮುತ್ತುಲಕ್ಷ್ಮಿಯವರ ಹಿಂದೆ ಇದ್ದದ್ದು ಹೆಂಗಸರ ಒಂದು ಸಂಘ.

ಅದು 1917ರಲ್ಲಿ ಅಡ್ಯಾರಿನಲ್ಲಿ ಶುರುವಾದ ಭಾರತೀಯ ಮಹಿಳಾ ಸಂಘ. ಆನಿ ಬೆಸೆಂಟ್, ಮಾರ್ಗರೆಟ್ ಕಸಿನ್ಸ್, ಡೊರೊಥಿ ಜಿನರಾಜದಾಸ ಕಟ್ಟಿದ್ದು. ಸ್ವಾತಂತ್ರ್ಯದ ನಂತರ ಈ ಸಂಘದ ಹೆಸರಿನಲ್ಲೇ ಕ್ಯಾನ್ಸರ್ ಪರಿಹಾರ ನಿಧಿ ಕೂಡಿಸಲು ಮುತ್ತುಲಕ್ಷ್ಮಿ ಹೊರಟರು. ಆಗ ಅವರಿಗೆ ಅರವತ್ತು ದಾಟಿತ್ತು. ಮನೆ ಮನೆ, ಕಚೇರಿ ಕಚೇರಿ ತಿರುಗಿದರು. ಸರ್ಕಾರದ ಬಾಗಿಲಿಗೂ ಹೋದರು. ಅಲ್ಲಿ ಸಿಕ್ಕ ಪ್ರತಿಕ್ರಿಯೆಯ ಕಥೆ ಚೆನ್ನೈಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕ್ಯಾನ್ಸರ್ ಬಂದವರು ಹೇಗೂ ಸಾಯುವವರು, ಅವರಿಗೆಂದು ಪ್ರತ್ಯೇಕ ಆಸ್ಪತ್ರೆ ಯಾಕೆ ಎಂಬ ಅರ್ಥದ ಮಾತು ಆರೋಗ್ಯ ಖಾತೆಯಿಂದಲೇ ಬಂತಂತೆ.

ಈ ಮಾತನ್ನು ಕೇಳಿ ಸಿಟ್ಟಾಗುವುದು ಸುಲಭ. ಆದರೆ ಆ ಕಾಲದ ಲೆಕ್ಕವನ್ನೂ ನೋಡಬೇಕು. 1951ರ ಸುಮಾರಿಗೆ ಭಾರತೀಯರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸು. ಮಲೇರಿಯಾ, ಸಿಡುಬು, ಕಾಲರಾ, ಕ್ಷಯ, ಬಾಣಂತಿಯರ ಸಾವು, ಹಸುಗೂಸುಗಳ ಸಾವು. ಕೈಯಲ್ಲಿದ್ದ ಹಣ ಇವಕ್ಕೇ ಸಾಲದು. ಕ್ಯಾನ್ಸರ್ ಮುದುಕರ ಕಾಯಿಲೆ, ಶ್ರೀಮಂತ ದೇಶಗಳ ಕಾಯಿಲೆ ಎಂಬ ನಂಬಿಕೆ ಬೇರೆ. ಹೀಗಿರುವಾಗ ದುಬಾರಿ ಯಂತ್ರ, ದುಬಾರಿ ರೇಡಿಯಂ ಬೇಡುವ ಆಸ್ಪತ್ರೆಗೆ ಅಧಿಕಾರಿಗಳು ಹಿಂದೇಟು ಹಾಕಿದ್ದರಲ್ಲಿ ಒಂದು ತರ್ಕವಿತ್ತು.

ಆ ತರ್ಕ ತಪ್ಪಿದ್ದು ಎರಡು ಕಡೆ. ಬಾಯಿ, ಸ್ತನ, ಗರ್ಭಕೊರಳು ಇವೆಲ್ಲ ಬೇಗ ಪತ್ತೆಯಾದರೆ ಆ ಕಾಲದ ಚಾಕು ಮತ್ತು ವಿಕಿರಣದಿಂದಲೂ ಎಷ್ಟೋ ಜನ ಉಳಿಯುತ್ತಿದ್ದರು. ಸಾಯುತ್ತಾರೆ ಎಂದು ಆಸ್ಪತ್ರೆ ಕಟ್ಟದಿದ್ದರೆ, ಆಸ್ಪತ್ರೆಯಿಲ್ಲದ್ದರಿಂದ ಸಾಯುತ್ತಾರೆ. ಆ ಸಾವುಗಳನ್ನೇ ತೋರಿಸಿ ಮತ್ತೆ ಆಸ್ಪತ್ರೆ ಬೇಡವೆನ್ನುತ್ತಾರೆ. ಇನ್ನೊಂದು, ಹೊಗೆಸೊಪ್ಪು ಎಲೆಅಡಿಕೆ ಜಗಿಯುವ ನಮ್ಮ ಹಳ್ಳಿಗಳಲ್ಲಿ, ಹತ್ತಾರು ಹೆರಿಗೆ ಕಂಡು ಒಮ್ಮೆಯೂ ಪರೀಕ್ಷೆಗೆ ಹೋಗದ ಹೆಂಗಸರಲ್ಲಿ ಈ ರೋಗ ಆಗಲೇ ಬೇಕಾದಷ್ಟಿತ್ತು. ಅದು ಸರ್ಕಾರದ ಲೆಕ್ಕದ ಪುಸ್ತಕಕ್ಕೆ ಬಂದಿರಲಿಲ್ಲ, ಅಷ್ಟೆ. ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಮುತ್ತುಲಕ್ಷ್ಮಿ ಅದನ್ನು ಕಣ್ಣಾರೆ ಕಂಡಿದ್ದರು.

1952ರ ಅಕ್ಟೋಬರ್ 10ರಂದು ಜವಾಹರಲಾಲ್ ನೆಹರೂ ಅಡ್ಯಾರಿನಲ್ಲಿ ಅಡಿಗಲ್ಲು ಹಾಕಿದರು. 1954ರ ಜೂನ್ 18ರಂದು ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ತೆರೆಯಿತು. ಸಣ್ಣ ಕಟ್ಟಡ, 12 ಹಾಸಿಗೆ. ತಂಗಿ ತೀರಿಕೊಂಡು 31 ವರ್ಷ ಕಳೆದಿತ್ತು. ಮುತ್ತುಲಕ್ಷ್ಮಿಯವರಿಗೆ ಅರವತ್ತೆಂಟು ತುಂಬಲು ಒಂದೂವರೆ ತಿಂಗಳು ಬಾಕಿ. ವಿದೇಶದಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದು ಬಂದಿದ್ದ ಕಿರಿಯ ಮಗ ಕೃಷ್ಣಮೂರ್ತಿ ಆಸ್ಪತ್ರೆಯ ಹೊಣೆ ಹೊತ್ತರು. ಮರುವರ್ಷ ಡಾ. ವಿ. ಶಾಂತಾ ಎಂಬ ತರುಣ ವೈದ್ಯೆ ಸೇರಿಕೊಂಡರು. ಸರ್ಕಾರಿ ನೌಕರಿಯ ಅವಕಾಶವನ್ನು ಬಿಟ್ಟು ಅಲ್ಲಿಗೆ ಬಂದ ಈಕೆ, ಕೊನೆಯ ಮೂರೂವರೆ ದಶಕಕ್ಕೂ ಹೆಚ್ಚು ಕಾಲವನ್ನು ಬೆಂಗಳೂರಿನಲ್ಲಿ ಕಳೆದ ಸರ್ ಸಿ.ವಿ. ರಾಮನ್ ಅವರ ಸಂಬಂಧಿಕರ ಕುಟುಂಬದವರು. ಆಸ್ಪತ್ರೆಯ ಆವರಣದಲ್ಲೇ ವಾಸವಿದ್ದು, ರೋಗಿಗಳನ್ನು ನೋಡುತ್ತಲೇ ತೊಂಬತ್ತು ದಾಟಿದರು. 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ತೀರಿಕೊಂಡದ್ದು 2021ರಲ್ಲಿ.

ನಮ್ಮ ವೃತ್ತಿಯವರಿಗೆ ರುಚಿಸುವ ಒಂದು ವಿಷಯ ಇಲ್ಲಿದೆ. 1957ರ ಹೊತ್ತಿಗೆ ಈ ಸಣ್ಣ ಆಸ್ಪತ್ರೆಗೆ ಕೆನಡಾದಿಂದ ಕೋಬಾಲ್ಟ್-60 ವಿಕಿರಣ ಯಂತ್ರ ಬಂತು. ಭಾರತದ ಮಟ್ಟಿಗೆ ಅದು ಮೊದಲನೆಯದು. ಕೆನಡಾದಲ್ಲೇ ಈ ಬಗೆಯ ಚಿಕಿತ್ಸೆ ಆರಂಭವಾಗಿದ್ದು 1951ರಲ್ಲಿ. ಅಂದರೆ ಹೊಸ ತಂತ್ರಜ್ಞಾನ ಹುಟ್ಟಿದ ಆರೇ ವರ್ಷಕ್ಕೆ, ಚಂದಾ ಎತ್ತಿ ಕಟ್ಟಿದ ಆಸ್ಪತ್ರೆಯ ಬಡರೋಗಿಗಳಿಗೆ ಅದು ದೊರಕಿತು.

ಕೋಬಾಲ್ಟ್ ಯಂತ್ರದ ಗುಣ ಅದರ ಸರಳತೆ. ವಿಕಿರಣ ಹೊರಸೂಸುವ ಲೋಹದ ಒಂದು ಸಣ್ಣ ತುಂಡು, ಸುತ್ತ ದಪ್ಪ ಸೀಸದ ಕವಚ, ತೆರೆದು ಮುಚ್ಚುವ ಒಂದು ಕಿಂಡಿ. ವಿಕಿರಣ ಹುಟ್ಟುವುದು ವಿದ್ಯುತ್ತಿನಿಂದಲ್ಲ, ಲೋಹದಿಂದಲೇ. ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿರುವ ಲೀನಿಯರ್ ಆಕ್ಸಲರೇಟರ್ ಇನ್ನೂ ನಿಖರ, ಅಕ್ಕಪಕ್ಕದ ಅಂಗಗಳಿಗೆ ಹಾನಿ ಕಡಿಮೆ. ಆದರೆ ಅದಕ್ಕೆ ಏರಿಳಿತವಿಲ್ಲದ ಕರೆಂಟು, ತಂಪಿನ ವ್ಯವಸ್ಥೆ, ಕರೆದಾಗ ಬರುವ ಎಂಜಿನಿಯರ್, ಬಿಡಿಭಾಗ ಎಲ್ಲವೂ ಬೇಕು. ಬಡ ದೇಶಗಳಲ್ಲಿ ಇಂದಿಗೂ ಹಲವು ಕಡೆ ಕೋಬಾಲ್ಟ್ ಉಳಿದುಕೊಂಡಿರುವುದು ಇದಕ್ಕೇ. ಅದಕ್ಕೂ ಒಂದು ಮಿತಿಯಿದೆ. ಕೋಬಾಲ್ಟ್-60ರ ಶಕ್ತಿ ಸುಮಾರು 5.27 ವರ್ಷಕ್ಕೆ ಅರ್ಧವಾಗುತ್ತದೆ, ತಿಂಗಳಿಗೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಸವೆಯುತ್ತದೆ. ಹೊಸ ತುಂಡಿನ ಎದುರು ಎರಡು ನಿಮಿಷ ಮಲಗಿದರೆ ಸಾಕಾಗುವ ರೋಗಿ, ಐದು ವರ್ಷ ಕಳೆದ ಮೇಲೆ ಅದೇ ಪ್ರಮಾಣಕ್ಕೆ ನಾಲ್ಕು ನಿಮಿಷದ ಹತ್ತಿರ ಮಲಗಬೇಕು. ಹೊರಗೆ ಸಾಲು ಎರಡರಷ್ಟಾಗುತ್ತದೆ. ಯಂತ್ರವನ್ನು ಉದ್ಘಾಟಿಸುವುದಕ್ಕೆ ಮಂತ್ರಿಗಳು ಸಿಗುತ್ತಾರೆ; ಸವೆದ ತುಂಡನ್ನು ಬದಲಿಸುವ ಹಣಕ್ಕೆ ಯಾರನ್ನಾದರೂ ಹಿಡಿದು ಕೂರಬೇಕು. ಸಾಫ್ಟ್‌ವೇರಿನಲ್ಲೂ ನಾವು ನೋಡುವುದು ಇದನ್ನೇ. ಕಟ್ಟುವುದಕ್ಕಿಂತ ನಡೆಸಿಕೊಂಡು ಹೋಗುವುದು ದೊಡ್ಡದು.

ನಡೆಸಿಕೊಂಡು ಹೋಗುವುದನ್ನೇ ಆ ಆಸ್ಪತ್ರೆ ಮುಖ್ಯವಾಗಿ ಹಿಡಿಯಿತು. ಕೊಡಬಲ್ಲವರು ಕೊಡಲಿ, ಕೊಡಲಾರದವರಿಗೆ ಉಚಿತ ಅಥವಾ ಕಡಿಮೆ ದರ, ಆದರೆ ಚಿಕಿತ್ಸೆ ಇಬ್ಬರಿಗೂ ಒಂದೇ ಎಂಬುದು ಅದರ ನಿಯಮವಾಯಿತು. ಮಕ್ಕಳ ಕ್ಯಾನ್ಸರಿಗೆ ಪ್ರತ್ಯೇಕ ವಾರ್ಡ್ ಬಂತು. ಹಳ್ಳಿಗಳಲ್ಲಿ ತಪಾಸಣೆ ನಡೆಯಿತು. 12 ಹಾಸಿಗೆಗಳು ಕಾಲಕ್ರಮದಲ್ಲಿ ನೂರಾರಾದವು. ನಮ್ಮ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಗುವ ಹೊತ್ತಿಗೆ ಅಡ್ಯಾರಿನ ಆಸ್ಪತ್ರೆಗೆ ಸುಮಾರು ಎರಡು ದಶಕದ ಅನುಭವವಾಗಿತ್ತು.

1954ರಿಂದ ಇಲ್ಲಿಗೆ ಭಾರತದ ಲೆಕ್ಕಪತ್ರ ತಲೆಕೆಳಗಾಗಿದೆ. ಸಿಡುಬು ಹೋಯಿತು, ಆಯುಸ್ಸು ಎರಡರಷ್ಟಕ್ಕಿಂತ ಹೆಚ್ಚಾಯಿತು. ಹೆಚ್ಚು ವರ್ಷ ಬದುಕಿದವರಿಗೆ ಕ್ಯಾನ್ಸರ್ ಬರುವ ಸಾಧ್ಯತೆಯೂ ಹೆಚ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂತು, 97 ಲಕ್ಷ ಜನ ಸತ್ತರು. ಭಾರತದ ಪಾಲು ಸುಮಾರು 14 ಲಕ್ಷ ಹೊಸ ರೋಗಿಗಳು, 9 ಲಕ್ಷಕ್ಕೂ ಹೆಚ್ಚು ಸಾವು. ಈ ಎರಡು ಜೋಡಿ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಜಗತ್ತಿನಲ್ಲಿ ಎರಡು ಹೊಸ ರೋಗಿಗಳಿಗೆ ಒಂದು ಸಾವಾದರೆ, ನಮ್ಮಲ್ಲಿ ಮೂರು ಹೊಸ ರೋಗಿಗಳಿಗೆ ಸುಮಾರು ಎರಡು. ರೋಗ ನಮ್ಮಲ್ಲಿ ಹೆಚ್ಚು ಕ್ರೂರಿಯಾಗಿರುವುದು ಇದಕ್ಕೆ ಕಾರಣವಲ್ಲ. ನಮ್ಮವರು ಆಸ್ಪತ್ರೆ ಮುಟ್ಟುವುದು ತಡ, ಮುಟ್ಟಿದವರಲ್ಲೂ ಹಲವರು ಹಣ ಮುಗಿದು ಅರ್ಧಕ್ಕೇ ಊರಿಗೆ ಮರಳುತ್ತಾರೆ.

ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಈ ಅನ್ಯಾಯ ಇನ್ನೂ ಸ್ಪಷ್ಟ. 2022ರಲ್ಲಿ ಅದರಿಂದ ಸತ್ತ ಸುಮಾರು ಮೂರೂವರೆ ಲಕ್ಷ ಹೆಂಗಸರಲ್ಲಿ ಶೇಕಡಾ 94ರಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶದವರು. ಇದು ತಡೆಯಬಹುದಾದ ಕ್ಯಾನ್ಸರ್. ಇದಕ್ಕೆ ಲಸಿಕೆ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ದೇಶದಲ್ಲೇ ಒಂದನ್ನು ತಯಾರಿಸಿದೆ. ಬೇಗ ಹಿಡಿಯಲು ದುಬಾರಿ ಯಂತ್ರವೂ ಬೇಡ. ಮುಂಬೈಯ ಟಾಟಾ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ವರ್ಷಗಟ್ಟಲೆ ಒಂದು ಅಧ್ಯಯನ ನಡೆಸಿದರು. ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವನ್ನು ತೆಳುವಾಗಿ ಗರ್ಭಕೊರಳಿಗೆ ಹಚ್ಚಿದರೆ, ಕೆಡುತ್ತಿರುವ ಭಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಅದನ್ನು ಬರಿಗಣ್ಣಿನಲ್ಲಿ ಗುರುತಿಸಲು ವೈದ್ಯರಲ್ಲದ ಸ್ಥಳೀಯ ಹೆಂಗಸರಿಗೇ ತರಬೇತಿ ಕೊಟ್ಟರು. ತಪಾಸಣೆ ನಡೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಇಳಿಯಿತೆಂದು 2013ರಲ್ಲಿ ಜಗತ್ತಿಗೆ ತಿಳಿಯಿತು. ಮುತ್ತುಲಕ್ಷ್ಮಿ ಬದುಕಿದ್ದರೆ ಅವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲವೇನೋ.

ವಿಕಿರಣ ಯಂತ್ರಗಳ ಕಥೆಯೂ ಹೀಗೇ. ಹತ್ತು ಲಕ್ಷ ಜನಕ್ಕೆ ಒಂದಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಭಾರತದಲ್ಲಿ ಇನ್ನೂ ಅಷ್ಟಿಲ್ಲ, ಇರುವವೂ ಹೆಚ್ಚಾಗಿ ನಾವು ಕೆಲಸ ಹುಡುಕಿಕೊಂಡು ಬಂದ ನಗರಗಳಲ್ಲೇ ಇವೆ. ನೌಕರಿ ನಮ್ಮನ್ನು ಎಲ್ಲಿಗೆ ಎಳೆಯಿತೋ ಚಿಕಿತ್ಸೆಯೂ ಅಲ್ಲೇ ಕೂಡಿಕೊಂಡಿದೆ. ಹೀಗಾಗಿ ವಿಕಿರಣ ಚಿಕಿತ್ಸೆಯ ಐದಾರು ವಾರ ರೋಗಿ ಎಲ್ಲಿ ಉಳಿಯಬೇಕು, ಏನು ತಿನ್ನಬೇಕು, ತಮಿಳು ಬಾರದ ಹೆಂಗಸು ನರ್ಸಿಗೆ ಏನೆಂದು ಹೇಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಎಷ್ಟೋ ಸಲ ನಾವೇ ಆಗಿರುತ್ತೇವೆ. ನನ್ನ ಬಳಗದಲ್ಲಿ ಇದನ್ನು ಸದ್ದಿಲ್ಲದೆ ಮಾಡುತ್ತಿರುವ ಹಲವರಿದ್ದಾರೆ. ಹಾಲ್‌ನಲ್ಲಿ ಹಾಸಿಗೆ ಹಾಕಿಕೊಟ್ಟು, ಬೆಳಗ್ಗೆ ಗಂಜಿ ಮಾಡಿಟ್ಟು ಆಫೀಸಿಗೆ ಹೋಗುವವರು. ಇಂಥವರಿಗೆ ಉಪಯೋಗವಾಗಲೆಂದು ಒಂದು ಮಾಹಿತಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ.ಯಲ್ಲಿ ರೈಲ್ವೆ ಪೂರ್ಣ ರಿಯಾಯಿತಿ ಕೊಡುತ್ತದೆ, ಜೊತೆಗೆ ಬರುವ ಒಬ್ಬರಿಗೆ ಶೇಕಡಾ 75. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಬರೆಸಿಕೊಳ್ಳಬೇಕು. ಊರಿನಲ್ಲಿ ಇದು ಗೊತ್ತಿಲ್ಲದೆ ಸಾಲ ಮಾಡಿ ಟಿಕೆಟ್ ತೆಗೆಸುವವರು ಇನ್ನೂ ಇದ್ದಾರೆ.

ಮುತ್ತುಲಕ್ಷ್ಮಿಯವರಿಗೆ 1956ರಲ್ಲಿ ಪದ್ಮಭೂಷಣ ಬಂತು. ರಾಜ್ಯ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯೂ ಅವರೇ. ಅವರ ಸಾಧನೆಯ ಪಟ್ಟಿ ಮಾಡುವವರು ದೇವದಾಸಿ ಕಾನೂನನ್ನು ಒಂದು ಕಡೆ, ಕ್ಯಾನ್ಸರ್ ಆಸ್ಪತ್ರೆಯನ್ನು ಇನ್ನೊಂದು ಕಡೆ ಬರೆಯುತ್ತಾರೆ. ನನಗೆ ಎರಡೂ ಒಂದೇ ಕೆಲಸವಾಗಿ ಕಾಣುತ್ತವೆ. ಹುಡುಗಿಯೊಬ್ಬಳು ದೇವದಾಸಿ ಮನೆಯಲ್ಲಿ ಹುಟ್ಟಿದರೆ ಅದು ಅವಳ ಹಣೆಬರಹ ಎನ್ನುತ್ತಿದ್ದರು. ಗಡ್ಡೆ ಬಂದರೂ ಹಣೆಬರಹ ಎನ್ನುತ್ತಿದ್ದರು. ಹಣೆಬರಹ ಎಂದು ಬಿಟ್ಟುಕೊಟ್ಟ ಎರಡು ಜಾಗಗಳಲ್ಲಿ ಅವರು ಕಾನೂನನ್ನೂ ಔಷಧಿಯನ್ನೂ ತಂದಿಟ್ಟರು. ಒಂದಕ್ಕೆ ಹದಿನೆಂಟು ವರ್ಷ ಹಿಡಿಯಿತು, ಇನ್ನೊಂದಕ್ಕೆ ಮೂವತ್ತೊಂದು.

1968ರ ಜುಲೈ 22ರಂದು ಅವರು ತೀರಿಕೊಂಡರು. ಇನ್ನು ಎಂಟು ದಿನ ಕಳೆದಿದ್ದರೆ ಎಂಬತ್ತೆರಡು ತುಂಬುತ್ತಿತ್ತು. ಬಾಗಿಲು ತಟ್ಟಿ ಬಂದ ಹುಡುಗಿಯರಿಗಾಗಿ ತೆರೆದ ಅವ್ವೈ ಇಲ್ಲಂ, ತಂಗಿಯ ನೆನಪಿನಲ್ಲಿ ಹಟ ಹಿಡಿದು ಕಟ್ಟಿದ ಆಸ್ಪತ್ರೆ, ಎರಡೂ ಇರುವುದು ಅಡ್ಯಾರಿನಲ್ಲೇ. ಎರಡೂ ಇವತ್ತಿಗೂ ನಡೆಯುತ್ತಿವೆ.